ಕರಿಗೇರಿನ ಗುರುತು

ನನ್ನ ಉಗುಳನ್ನು ಆ ಯಂತ್ರಕ್ಕೆ ಕೊಟ್ಟರೆ ಅದು ನನ್ನನ್ನು ಬಟ್ಟೆ ಒಗೆಯಲು ಕಳಿಸುತ್ತದೆ. ಇದು ಊಹೆಯಲ್ಲ, ಕೊಟ್ಟು ನೋಡಿದ್ದೇನೆ. ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಯಂತ್ರ ಇರುವ ಕಟ್ಟಡದಲ್ಲೇ ಅದರ ಗುಣಪರೀಕ್ಷೆ ಮಾಡುವ ಹೆಂಗಸು ನಾನು. ಇಂಥ ನನ್ನ ಒಲವು ಯಾವುದರ ಕಡೆಗಿದೆ ಎಂದು ಕೇಳಿದರೆ, ಅದು ಎಳ್ಳಷ್ಟೂ ಸಂಕೋಚವಿಲ್ಲದೆ ‘ವಸ್ತ್ರ ನಿರ್ವಹಣೆ’ ಎಂದಿತು. ಅಗಸರ ಕೆಲಸ ಎನ್ನಲು ಮಾತ್ರ ಅದಕ್ಕೆ ನಾಚಿಕೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ವಿಭಾಗದವರೆಲ್ಲ ತಮಾಷೆಗೆಂದು ಪರೀಕ್ಷೆ ಮಾಡಿಸಿಕೊಂಡಿದ್ದೆವು. ನನ್ನ ಫಲಿತಾಂಶ ಪರದೆಯ ಮೇಲೆ ಬಂದಾಗ ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಫೋನು ನೋಡತೊಡಗಿದರು. ಆಮೇಲೆ ನಿರ್ದೇಶಕರಾದ ಡಾ. ನಿರಂಜನ ಅವರು ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ, “ಅಪವಾದ ಇದ್ದೇ ಇರುತ್ತೆ ವಾರಿಜ ಅವರೇ. ನೀವು ನಿಮ್ಮ ಹುಟ್ಟಿಗೆ ಎದುರಾಗಿ ಈಜಿ ಬಂದವರು. ಅದಕ್ಕೇ ನಿಮ್ಮ ಮೇಲೆ ನಮಗೆ ಹೆಚ್ಚು ಗೌರವ” ಎಂದರು. ಅಂಥ ಗೌರವವನ್ನು ಯಾರಾದರೂ ಕೊಟ್ಟರೆ ಅವರ ಮುಖಕ್ಕೇ ಎಸೆಯಬೇಕು. ನಾನು ಎಸೆಯಲಿಲ್ಲ, ಆದರೆ ಅಂದಿನಿಂದ ಯಂತ್ರ ತಪ್ಪು ಮಾಡುತ್ತಿದೆ ಎಂದು ತಿಂಗಳು ತಿಂಗಳೂ ವರದಿ ಬರೆದೆ. ಅವನ್ನು ಓದುವವರು ಯಾರೂ ಇರಲಿಲ್ಲ.

ಒಲವು ಕಾಯಿದೆ ಬಂದು ಆಗ ಕೆಲವು ವರ್ಷಗಳಾಗಿದ್ದವು. ಹತ್ತನೇ ತರಗತಿ ಮುಗಿಸಿದ ಮಕ್ಕಳು ಒಂದು ಕೊಳವೆಯಲ್ಲಿ ಉಗುಳಬೇಕು. ಮೈಸೂರಿನ ನಮ್ಮ ಸಂಸ್ಥೆಯ ಯಂತ್ರ ಆ ಉಗುಳಿನ ಜೀನುಗಳಲ್ಲಿರುವ ಲಕ್ಷಾಂತರ ಸಣ್ಣ ವ್ಯತ್ಯಾಸಗಳನ್ನು ಓದಿ, ಮಗುವಿಗೆ ಹುಟ್ಟಿನಿಂದ ಯಾವ ಕೆಲಸದ ಕಡೆ ಒಲವಿದೆ ಎಂದು ಹೇಳುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಸೀಟು ಆ ಒಲವಿಗೆ ಮಾತ್ರ. ತಪ್ಪು ವಿಷಯ ಆರಿಸಿಕೊಂಡು ಅರ್ಧಕ್ಕೆ ಬಿಡುವ ಮಕ್ಕಳ ಬಾಳು ಹಾಳಾಗಬಾರದು ಎಂಬ ಕಳಕಳಿಯಂತೆ. ಸ್ವಂತ ಹಣದಲ್ಲಿ ಓದಿಸಬಲ್ಲವರ ಮಕ್ಕಳ ಬಗ್ಗೆ ಈ ಕಳಕಳಿ ಇರಲಿಲ್ಲ. ಅವರು ಎಲ್ಲಿ ಬೇಕಾದರೂ ಏನು ಬೇಕಾದರೂ ಓದಬಹುದಾಗಿತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಒಲವಿನಲ್ಲಿ ಹುಟ್ಟಿನ ಪಾಲು ಒಂದಷ್ಟು ಇದೆ ಎಂಬುದು ಸುಳ್ಳಲ್ಲ. ಬೇರೆ ಬೇರೆ ಮನೆಯಲ್ಲಿ ಬೆಳೆದ ಅವಳಿಗಳನ್ನು ನೋಡಿದವರು ಹಾಗೆನ್ನುತ್ತಾರೆ, ನಾನೂ ಒಪ್ಪುತ್ತೇನೆ. ನನ್ನ ಸಿಟ್ಟು ಆ ವಿಜ್ಞಾನದ ಮೇಲಲ್ಲ. ಅದನ್ನು ಇಲ್ಲಿಗೆ ತಂದು ನಮ್ಮವರು ಏನು ಮಾಡಿದರು ಎಂಬುದರ ಮೇಲೆ.

ಅಣ್ಣ ಮಾಚೇಶನ ಮಗಳು ಇಂಚರಳ ಫಲಿತಾಂಶ ಬಂದ ದಿನ ನಾನು ರಜೆ ಹಾಕಿ ಅವರ ಮನೆಗೆ ಹೋದೆ. ಮನೆಯ ಮುಂಭಾಗವೇ ಅಣ್ಣನ ಲಾಂಡ್ರಿ. ನಮ್ಮ ಅಪ್ಪನ ಕಾಲದಲ್ಲಿ ಅಲ್ಲಿ ಕೆಂಡದ ಇಸ್ತ್ರಿಪೆಟ್ಟಿಗೆ ಇತ್ತು, ಈಗ ಆವಿಯ ಇಸ್ತ್ರಿಪೆಟ್ಟಿಗೆ ಇದೆ. ಬಟ್ಟೆಯ ಗಂಟುಗಳ ನಡುವೆಯೇ ಬೆಳೆದ ಹುಡುಗಿ ಇಂಚರ. ನಾಲ್ಕು ವರ್ಷದವಳಿದ್ದಾಗ, ಅಂಗಿಯ ಮೇಲಿನ ಅರಿಶಿನದ ಕಲೆ ಸೋಪು ತಾಗಿದ ಕೂಡಲೇ ಯಾಕೆ ಕೆಂಪಗಾಗುತ್ತದೆ ಎಂದು ಎಲ್ಲರ ತಲೆ ತಿನ್ನುತ್ತಿದ್ದಳು. ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ನಾನೇ ಅವಳಿಗೆ ಆಮ್ಲ, ಕ್ಷಾರ ಎಂದು ಹೇಳಿಕೊಟ್ಟೆ. ಆಮೇಲೆ ಅವಳು ಮನೆಯಲ್ಲಿ ನಿಂಬೆಹಣ್ಣು ಉಳಿಸಲಿಲ್ಲ. ರಸಾಯನಶಾಸ್ತ್ರ ಬಿಟ್ಟರೆ ಬೇರೇನನ್ನೂ ಓದುವುದಿಲ್ಲ ಎಂದು ಏಳನೇ ತರಗತಿಯಿಂದಲೇ ಹಟ ಹಿಡಿದಿದ್ದಳು.

ಆ ದಿನ ಎಲ್ಲರೂ ಭಯದಲ್ಲೇ ಇದ್ದೆವು. ಪಕ್ಕದ ಬೀದಿಯ ನಸೀಮಾ, ಇಂಚರಳ ಗೆಳತಿ, ಶಾಲೆಗೇ ಲೆಕ್ಕದಲ್ಲಿ ಮೊದಲು ಬಂದವಳು. ಅವಳಿಗೆ ಬೆಳಗ್ಗೆಯೇ ‘ಸೂಕ್ಷ್ಮ ಕೈಗೆಲಸ’ ಎಂದು ಬಂದಿತ್ತು. ಅವಳ ತಾಯಿ, ಅಜ್ಜಿ ಬೀಡಿ ಕಟ್ಟಿದವರು. ನಸೀಮಾ ಅಣ್ಣನ ಮನೆಗೆ ಬಂದು, ಇಸ್ತ್ರಿ ಮಾಡಿದ ಬಟ್ಟೆಗಳನ್ನು ಮಡಚುತ್ತಾ ಮೂಲೆಯಲ್ಲಿ ಕುಳಿತಿದ್ದಳು.

ಇಂಚರಳ ಫೋನಿಗೆ ಫಲಿತಾಂಶ ಬಂತು. ‘ಸಂಶೋಧನೆ: ರಸಾಯನ ಮತ್ತು ವಸ್ತುವಿಜ್ಞಾನ.’

ಅತ್ತಿಗೆ ಜಯಶೀಲ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ಗಸಗಸೆ ರುಬ್ಬತೊಡಗಿದರು. ಅಣ್ಣ ಮಾತ್ರ ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ, “ನೋಡ್ದ ವಾರಿಜ, ನಿನ್ ಮಿಷನ್ನು ಒಳ್ಳೇದೇ ಕಣವ್ವ. ಸುಮ್ನೆ ಬಯ್ತಿದ್ದೆ” ಎಂದ.

ನಾನೂ ನಕ್ಕೆ, ಪಾಯಸ ಕುಡಿದೆ, ಸಂತೋಷವೂ ಆಯಿತು. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ಒಳಗೊಳಗೇ ಏನೋ ಕೊರೆಯುತ್ತಿತ್ತು. ನನಗೆ ವಸ್ತ್ರ ನಿರ್ವಹಣೆ ಎಂದ ಯಂತ್ರ ನನ್ನ ಸ್ವಂತ ಅಣ್ಣನ ಮಗಳಿಗೆ ಸಂಶೋಧನೆ ಎಂದದ್ದು ಹೇಗೆ? ನಮ್ಮ ಬೀದಿಯ ಒಂದು ಮಗುವಿಗೂ ಇಂಥ ಒಲವು ಬಂದದ್ದನ್ನು ನಾನು ನೋಡಿರಲಿಲ್ಲ.

ಮಾರನೆಯ ದಿನ ಲ್ಯಾಬಿಗೆ ಹೋಗಿ ಅವಳ ಮಾದರಿಯನ್ನೂ ನನ್ನ ಮಾದರಿಯನ್ನೂ ಹೋಲಿಸಿದೆ. ಗುಣಪರೀಕ್ಷೆಯವಳಾದ ನನಗೆ ಆ ಅಧಿಕಾರ ಇತ್ತು. ಅತ್ತೆ ಮತ್ತು ಸೋದರ ಸೊಸೆಯ ನಡುವೆ ಜೀನುಗಳ ಕಾಲು ಭಾಗದಷ್ಟು ಹೊಂದಿಕೆ ಇರಬೇಕು. ಯಂತ್ರ ತೋರಿಸಿದ್ದು ಇಬ್ಬರು ಅಪರಿಚಿತರನ್ನು. ನನಗೂ ಆ ಹುಡುಗಿಗೂ ಯಾವ ಸಂಬಂಧವೂ ಇಲ್ಲ ಎಂದಿತು.

ಮಾದರಿ ಅದಲುಬದಲಾಗಿದೆ ಎಂದುಕೊಂಡೆ. ಕೊಳವೆಯನ್ನು ಮತ್ತೆ ತೆಗೆದು ಓದಿಸಿದೆ. ಅದೇ ಉತ್ತರ. ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದಾಗ ನೆನಪಾಯಿತು, ಇಂಚರಳ ಕುತ್ತಿಗೆಯ ಕೆಳಗಿನ ಆ ಸಣ್ಣ ಗಾಯದ ಗುರುತು.

ಏಳನೇ ವಯಸ್ಸಿನಲ್ಲಿ ಅವಳ ಮೈ ರಕ್ತ ಮಾಡುವುದನ್ನೇ ನಿಲ್ಲಿಸಿತ್ತು. ಮನೆಯವರ ಯಾರ ಅಸ್ಥಿಮಜ್ಜೆಯೂ ಹೊಂದಲಿಲ್ಲ. ಹೆಸರು ಹೇಳದ ಯಾರೋ ಪುಣ್ಯಾತ್ಮರ ಮಜ್ಜೆಯನ್ನು ತಂದು ಕುತ್ತಿಗೆಯ ಕೆಳಗೆ ಹಾಕಿದ ನಳಿಕೆಯಿಂದ ಒಳಗೆ ಬಿಟ್ಟರು, ಹುಡುಗಿ ಬದುಕಿದಳು. ಹಾಗೆ ಮಜ್ಜೆ ಪಡೆದವರ ಮೈಯಲ್ಲಿ ಓಡುವ ರಕ್ತ ಕೊಟ್ಟವರದೇ. ಉಗುಳಿನಲ್ಲಿರುವ ಜೀನುಗಳಲ್ಲಿ ಹೆಚ್ಚಿನವು ರಕ್ತದ ಬಿಳಿಕಣಗಳಿಂದ ಬಂದವು. ಹಾಗಾಗಿ ಇಂಚರಳ ಉಗುಳಿನಲ್ಲಿ ಇಂಚರ ಇರಲಿಲ್ಲ. ಯಂತ್ರ ಓದಿದ್ದು ಆ ಪುಣ್ಯಾತ್ಮರನ್ನು. ಅವರ ಮನೆತನದವರು ತಲೆಮಾರುಗಳಿಂದ ಓದಿಕೊಂಡವರಿರಬೇಕು.

ಆಗ ನನಗೆ ಎಲ್ಲ ಬಿಡಿಸಿಟ್ಟಂತೆ ಕಂಡಿತು. ಯಂತ್ರವನ್ನು ಕಲಿಸುವಾಗ ಲಕ್ಷಾಂತರ ಜನರ ಜೀನುಗಳನ್ನೂ ಅವರು ಮಾಡುವ ಕೆಲಸವನ್ನೂ ಒಟ್ಟಿಗೆ ಕೊಟ್ಟು, ಇವೆರಡರ ನಂಟು ಕಂಡುಹಿಡಿ ಎಂದಿದ್ದರು. ನಮ್ಮ ಸೀಮೆಯಲ್ಲಿ ಜನ ಹತ್ತಾರು ತಲೆಮಾರು ತಮ್ಮ ತಮ್ಮಲ್ಲೇ ಹೆಣ್ಣು ಕೊಟ್ಟು ತಂದವರು. ತಮಗೆ ಬಿಟ್ಟ ಕೆಲಸವನ್ನಷ್ಟೇ ಮಾಡಿದವರು. ಹೀಗಿರುವಾಗ ಯಂತ್ರಕ್ಕೆ ಸಿಗುವ ನಂಟು ಯಾವುದು? ಅದು ಒಲವನ್ನು ಕಲಿಯಲೇ ಇಲ್ಲ, ಮನೆತನವನ್ನು ಗುರುತಿಸಲು ಕಲಿಯಿತು. ಹುಟ್ಟಿದ ಮನೆ ಯಾವುದು ಎಂದು ನೋಡಿ, ಆ ಮನೆಯವರಿಗೆ ಹಿಂದೆ ಯಾವ ಕೆಲಸ ಗಂಟು ಹಾಕಿದ್ದರೋ ಅದನ್ನೇ ‘ನಿನ್ನ ಆಸೆ ಇದು’ ಎಂದು ಮಕ್ಕಳ ಕೈಗೆ ಕೊಡುತ್ತಿತ್ತು. ಲೋಕದ ಬೇರೆ ಕಡೆ ಇಂಥ ಯಂತ್ರ ಮಾಡಿದ್ದರೆ ಇನ್ನೇನೋ ತಪ್ಪು ಮಾಡುತ್ತಿದ್ದರು. ಈ ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಲು ನಮಗೇ ಸಾಧ್ಯ.

ನನ್ನ ವರದಿಗಳಿಗೆ ಇಲ್ಲದಿದ್ದ ಪುರಾವೆ ಈಗ ಇಂಚರಳ ಮೈಯಲ್ಲೇ ಇತ್ತು. ಅವಳ ಕೂದಲಿನ ಬೇರಿನಲ್ಲಿ ಇರುವುದು ಅವಳದೇ ಜೀನು. ಅದನ್ನು ಓದಿಸಿದರೆ ಅದೇ ಹುಡುಗಿಗೆ ಬೇರೆ ಉತ್ತರ ಬರುತ್ತದೆ. ಒಂದೇ ತಲೆ, ಒಂದೇ ಆಸೆ, ಎರಡು ಒಲವು. ಆದರೆ ಹಾಗೆ ತೋರಿಸಿದ ದಿನ ಅವಳ ಸೀಟು ಹೋಗುತ್ತದೆ.

ಭಾನುವಾರ ಅಣ್ಣನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮೂವರಿಗೂ ಹೇಳಿದೆ. ಜಯಶೀಲ ಅತ್ತಿಗೆಗೆ ಮೊದಲು ಅರ್ಥವಾಗಲಿಲ್ಲ. ಅಲ್ಲೇ ನಮ್ಮ ಸಂಸ್ಥೆಯ ಬಿಳಿ ಕೋಟುಗಳ ಗಂಟು ಇತ್ತು, ಅವನ್ನು ಒಗೆಯುವುದು ಅಣ್ಣನ ಲಾಂಡ್ರಿಯೇ. ಒಂದು ಹಳೆಯ ಕೋಟನ್ನು ಎಳೆದು ಕೊರಳಪಟ್ಟಿ ತಿರುವಿದೆ. ಒಳಗೆ ಎರಡು ಚುಕ್ಕಿ, ಒಂದು ಗೀಟು. ಕರಿಗೇರು ಕಾಯಿಗೆ ಸೂಜಿ ಚುಚ್ಚಿ, ಅದರ ಕಪ್ಪು ರಸದಲ್ಲಿ ಹಾಕಿ, ಮೇಲೆ ಸುಣ್ಣ ಒತ್ತುವ ಗುರುತು ಅದು. ಬಟ್ಟೆ ಹರಿದರೂ ಆ ಗುರುತು ಹೋಗುವುದಿಲ್ಲ. ಬೇರೆಯವರು ಚೀಟಿ ಅಂಟಿಸುವ ಈ ಕಾಲದಲ್ಲೂ ಅಣ್ಣ ಅದನ್ನು ಬಿಟ್ಟಿರಲಿಲ್ಲ.

“ಇದು ಎಲ್ಲೀದು ಅಣ್ಣ?”

“ನಿಮ್ಮ ಆಫೀಸ್ದು. ಮೂರ್ನೇ ಮಹಡಿ, ಕಿಟಕಿ ಪಕ್ಕದೋರ್ದು.”

“ಹಾಕ್ಕೊಳೋರಿಗೆ ಯಾವ ಕೆಲ್ಸ ಇಷ್ಟ?”

“ನಂಗೇನ್ ಗೊತ್ತು ಅದು? ಗುರ್ತಲ್ಲಿ ಅದೆಲ್ಲ ಬರ್ದಿರ್ತದಾ?”

“ಅಷ್ಟೇ ಅಣ್ಣ. ಆ ಮಿಷನ್ ಓದೋದು ಈ ಗುರ್ತನ್ನೇ. ಬಟ್ಟೆ ಯಾವ ಮನೇದು ಅಂತ ನೋಡ್ಬುಟ್ಟು, ತೊಟ್ಕೊಂಡೋರು ಎಲ್ಲಿಗೆ ಹೋಗ್ಬೇಕು ಅಂತ ಹೇಳ್ತದೆ.”

ಅಣ್ಣ ಕೋಟನ್ನು ಮಡಚಿ ಗಂಟಿನ ಮೇಲಿಟ್ಟು, “ನೀನು ಹೇಳೋದು ಸರಿಯೇ ಇರ್ಬೋದು. ಆದ್ರೂ ಸುಮ್ನಿರು ವಾರಿಜ. ನಮ್ಮ ಮಗೀಗೆ ಸಿಕ್ಕದೆ. ಬೀದಿಗೆಲ್ಲ ನ್ಯಾಯ ಕೊಡ್ಸಕ್ಕೆ ನಮ್ಮ ಮಗಿನ್ನೇ ಯಾಕೆ ಮುಂದುಕ್ ಬಿಡ್ಬೇಕು?” ಎಂದ.

“ಆ ಪುಣ್ಯಾತ್ಮ ಅವ್ಳನ್ನ ಎರಡ್ನೇ ಸಲ ಕಾಪಾಡ್ದ ಅನ್ಕೊಂಡು ಸುಮ್ನಾಗೋಣ ಕಣಮ್ಮ” ಎಂದರು ಅತ್ತಿಗೆ.

ನನಗೆ ಅವರ ಮೇಲೆ ಕೋಪ ಬರಲಿಲ್ಲ. ನಾನೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿರಲಿಲ್ಲ. ಬೇಡವೆಂದರೆ ಬೇಡ, ಬೇರೆ ಪುರಾವೆ ಹುಡುಕುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇಂಚರ ಕೇಳಿದಳು, “ಅತ್ತೆ, ಹಂಗಾದ್ರೆ ಸೀಟು ಸಿಕ್ಕಿದ್ದು ನಂಗಲ್ಲ ಅಲ್ವಾ?”

“ನಿಂಗೇ ಕಣವ್ವ. ನಿನ್ ಹೆಸ್ರಲ್ಲೇ ಅದೆ” ಎಂದ ಅಣ್ಣ.

“ಇಲ್ಲ ಅಪ್ಪ. ಆ ರಕ್ತಕ್ಕೆ ಸಿಕ್ಕಿರೋದು. ನಾನು ಓದಿದ್ದು, ನನ್ ಮಾರ್ಕ್ಸು, ಯಾವ್ದೂ ಅವ್ರಿಗೆ ಬೇಕಾಗೇ ಇಲ್ಲ. ನಂಗೆ ಕಾಯ್ಲೆ ಬರ್ದೇ ಇದ್ದಿದ್ರೆ ನಾನೂ ನಸೀಮಾ ಥರ ಮೂಲೇಲಿ ಬಟ್ಟೆ ಮಡಚ್ತಾ ಕೂತಿರ್ತಿದ್ದೆ.” ಅವಳು ತನ್ನ ಜಡೆ ಬಿಚ್ಚತೊಡಗಿದಳು. “ಸಾಯೋ ಹಂಗಾಗಿದ್ದಕ್ಕೆ ನಂಗೆ ಸೀಟು ಕೊಟ್ಟಂಗಾಯ್ತು. ನಂಗೆ ಬ್ಯಾಡ ಇದು. ನನ್ ಕೂದ್ಲು ತಗೊಳ್ಳಿ ಅತ್ತೆ.”

ಅಣ್ಣ ಎದ್ದು ಹೊರಗೆ ಹೋದ. ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಕುಕ್ಕುವ ಸದ್ದು ಕೇಳುತ್ತಿತ್ತು. ಅವನ ಮನಸ್ಸು ಕರಗಲು ಒಂದು ವಾರ ಬೇಕಾಯಿತು. ಆಮೇಲೂ ಅವನು ಒಪ್ಪಿದೆ ಎನ್ನಲಿಲ್ಲ, “ಅದೇನ್ ಮಾಡ್ತೀರೋ ಮಾಡಿ, ನಾನೂ ಬತ್ತೀನಿ” ಎಂದಷ್ಟೇ ಅಂದ.

ನಾನು ಅರ್ಜಿ ಹಾಕಿದೆ, ಸಂಸ್ಥೆ ವಿಚಾರಣೆಗೆ ಸಮಿತಿ ಕೂರಿಸಿತು. ಮೂವರು ಸದಸ್ಯರು, ಪಕ್ಕದಲ್ಲಿ ಡಾ. ನಿರಂಜನ, ಗಾಜಿನ ಆಚೆ ಯಂತ್ರ. ಇಂಚರ ತಲೆಯಿಂದ ಕೆಲವು ಕೂದಲನ್ನು ಬೇರು ಸಮೇತ ಕಿತ್ತು ಕೊಟ್ಟಳು. ಎಲ್ಲರ ಎದುರೇ ಅದನ್ನು ಓದಿಸಿದರು. ಅದಕ್ಕೆ ಹಿಡಿಯುವಷ್ಟು ಹೊತ್ತು ಟೀ, ಬಿಸ್ಕತ್ತು ಬಂತು. ನಮ್ಮ ಕಡೆಯವರು ಯಾರೂ ಮುಟ್ಟಲಿಲ್ಲ.

ಪರದೆಯ ಮೇಲೆ ‘ವಸ್ತ್ರ ನಿರ್ವಹಣೆ’ ಎಂದು ಬಂತು. ಪಕ್ಕದಲ್ಲೇ ಉಗುಳಿನ ಹಳೆಯ ಫಲಿತಾಂಶ, ‘ಸಂಶೋಧನೆ’. ಎರಡರ ಕೆಳಗೂ ಒಂದೇ ಹೆಸರು, ಒಂದೇ ಫೋಟೊ.

ನಾನು ಎದ್ದು ನಿಂತು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಒಂದೇ ಮಗುವಿಗೆ ಎರಡು ಒಲವು ಬಂದಿದೆ. ಮಗು ಬದಲಾಗಿಲ್ಲ, ಮನೆತನ ಮಾತ್ರ ಬದಲಾಗಿದೆ. ಅಂದಮೇಲೆ ಈ ಯಂತ್ರ ನೋಡುತ್ತಿರುವುದು ಮನೆತನವನ್ನೇ. ಇದಕ್ಕಿಂತ ನೇರವಾದ ಪುರಾವೆ ವಿಜ್ಞಾನದಲ್ಲಿ ಸಿಗುವುದು ಅಪರೂಪ ಎಂದೆ.

ನಿರಂಜನ ಅವರು ಗಾಬರಿಯಾಗಲಿಲ್ಲ. ಅವರು ಸಭ್ಯರು, ಯಾರ ಮೇಲೂ ದನಿ ಎತ್ತಿದವರಲ್ಲ. “ಇದನ್ನ ಇನ್ನೊಂದು ರೀತೀಲೂ ನೋಡಬಹುದು. ಈ ಹುಡುಗಿಗೆ ರಸಾಯನದ ಆಸಕ್ತಿ ಬಂದಿದ್ದೇ ಆ ಮಜ್ಜೆಯಿಂದ ಇರಬಹುದಲ್ಲ? ರಕ್ತ ಮೆದುಳಿಗೂ ಹೋಗುತ್ತೆ. ಅದು ಸಂಶೋಧನೆಗೆ ಒಳ್ಳೆಯ ವಿಷಯ” ಎಂದರು.

ಸಮಿತಿಯವರು ಹೌದೆಂದು ತಲೆಯಾಡಿಸಿದರು. ತಲೆಯಾಡಿಸಿದರು ಎಂಬುದನ್ನು ನಾನು ಇವತ್ತಿಗೂ ಮರೆತಿಲ್ಲ.

ಹಿಂದಿನ ಸಾಲಿನಲ್ಲಿದ್ದ ಜಯಶೀಲ ಅತ್ತಿಗೆ ಎದ್ದರು. ಸಭೆಯಲ್ಲಿ ಮಾತಾಡಿದವರಲ್ಲ ಅವರು. “ಸಾ, ಅವ್ಳು ಅರಿಶ್ನದ ಕಲೆ ಯಾಕೆ ಕೆಂಪಾಯ್ತದೆ ಅಂತ ಕೇಳ್ತಿದ್ದಿದ್ದು ನಾಕು ವರ್ಸ್ದಲ್ಲಿ. ಕಾಯ್ಲೆ ಬಂದಿದ್ದು ಏಳ್ರಲ್ಲಿ. ಆ ರಕ್ತ ಬರಕ್ಕೆ ಮುಂಚೆ ಕೇಳ್ದೋಳು ಯಾರು ಸಾ?”

ನಿರಂಜನ ಅವರು ನಗುತ್ತಾ, ತಾಯಂದಿರ ನೆನಪನ್ನು ದತ್ತಾಂಶ ಎನ್ನಲಾಗುವುದಿಲ್ಲ ಎಂದರು.

ಆದೇಶ ಹದಿನೈದು ದಿನದಲ್ಲಿ ಬಂತು. ಮಜ್ಜೆಯಿಂದಲೇ ಆಸಕ್ತಿ ಬಂದದ್ದು ಎಂದಾದರೆ ಸೀಟು ಅವಳಿಗೇ ಸಲ್ಲಬೇಕಿತ್ತು. ಅಲ್ಲ ಎಂದಾದರೆ ಯಂತ್ರ ನಿಲ್ಲಬೇಕಿತ್ತು. ಆ ಮಹಾನುಭಾವರು ಎರಡನ್ನೂ ಬಿಟ್ಟು ಮೂರನೆಯದನ್ನು ಕಂಡುಹಿಡಿದರು. ಉಗುಳಿನ ಫಲಿತಾಂಶ ಬೇರೊಬ್ಬರದು, ಆದ್ದರಿಂದ ರದ್ದು. ಕೂದಲಿನ ಫಲಿತಾಂಶವೇ ಅಧಿಕೃತ. ಕುಮಾರಿ ಇಂಚರಳ ಸೀಟು ವಾಪಸು. ಇನ್ನು ಮುಂದೆ ಮಜ್ಜೆ ಪಡೆದ ಮಕ್ಕಳು ಉಗುಳಿನ ಬದಲು ಕೂದಲು ಕೊಡತಕ್ಕದ್ದು. ಇಂಥ ಲೋಪವನ್ನು ಗಮನಕ್ಕೆ ತಂದ ಡಾ. ವಾರಿಜ ಅವರಿಗೆ ಸಂಸ್ಥೆಯ ಅಭಿನಂದನೆಗಳು.

ಅಭಿನಂದನೆ. ಅವತ್ತೇ ರಾಜೀನಾಮೆ ಬಿಸಾಕಿ, ವಕೀಲರ ಮನೆ ಹುಡುಕಿಕೊಂಡು ಹೋದೆ. ನಸೀಮಾಳ ಮನೆಯವರೂ ಜೊತೆಗೆ ಬಂದರು. ಮೊಕದ್ದಮೆ ಈಗಲೂ ನಡೆಯುತ್ತಿದೆ. ಅಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ, ನಾನು ಹೇಳಹೊರಟದ್ದು ಮೊಕದ್ದಮೆ ಹೂಡುವ ಮುಂಚೆ ನಡೆದದ್ದನ್ನು.

ಆದೇಶ ಬಂದ ವಾರವೇ ಸಂಸ್ಥೆಯ ವಾರ್ಷಿಕೋತ್ಸವ ಇತ್ತು. ಅದಕ್ಕೆಂದು ಎಲ್ಲರಿಗೂ ದರ್ಜಿಯ ಹತ್ತಿರ ಅಳತೆ ಕೊಟ್ಟು ಹೊಸ ಬಿಳಿ ಕೋಟು ಹೊಲಿಸಿದ್ದರು. ಒಬ್ಬೊಬ್ಬರೂ ಹಾಕಿ ನೋಡಿದ ಮೇಲೆ, ಹೆಸರಿನ ಚೀಟಿ ಸಿಕ್ಕಿಸಿ, ಮೊದಲ ಒಗೆತಕ್ಕೆ ಅಣ್ಣನ ಲಾಂಡ್ರಿಗೆ ಬಂದವು. ಹೊಸ ಬಟ್ಟೆ ಬಂದರೆ ನೀರಿಗೆ ಹಾಕುವ ಮುಂಚೆ ಗುರುತು ಹಾಕುವುದು ನಮ್ಮಲ್ಲಿ ಯಾವತ್ತಿನಿಂದಲೂ ಇರುವ ಕ್ರಮ. ಅಪ್ಪ ತೀರಿಕೊಂಡ ವಾರದಲ್ಲೂ ಅಣ್ಣ ಅದನ್ನು ತಪ್ಪಿಸಿದವನಲ್ಲ.

ಅವತ್ತು ಅವನು ಕರಿಗೇರು ಕಾಯಿ ಮತ್ತು ಸೂಜಿ ಇಟ್ಟಿದ್ದ ಡಬ್ಬಿಯನ್ನು ತೆಗೆದ. ಆಮೇಲೆ ಮುಚ್ಚಳ ಹಾಕಿ ಮೇಲಿನ ಗೂಡಿಗೆ ಸರಿಸಿಬಿಟ್ಟ. ಕೋಟುಗಳನ್ನು ಎಂದಿನಂತೆ ಚೊಕ್ಕಟವಾಗಿ ಒಗೆದು, ಗಂಜಿ ಹಾಕಿ, ಗರಿಗರಿಯಾಗಿ ಇಸ್ತ್ರಿ ಮಾಡಿದ. ಒಂದಕ್ಕೂ ಗುರುತು ಹಾಕಲಿಲ್ಲ.

ಉತ್ಸವದ ಬೆಳಗ್ಗೆ ಅಣ್ಣ, ಇಂಚರ, ನಾನು ಆಟೊದಲ್ಲಿ ಗಂಟುಗಳನ್ನು ತಂದೆವು. ಸಂಸ್ಥೆಯ ಹಜಾರದ ಮೇಜಿನ ಮೇಲೆ ಬಿಳಿ ಕೋಟುಗಳನ್ನು ಒಂದೇ ರಾಶಿಯಾಗಿ ಸುರಿದೆವು. ಮಂತ್ರಿಗಳು ಬರುವ ಹೊತ್ತಾಗುತ್ತಿತ್ತು. ವಿಜ್ಞಾನಿಗಳು ಬಂದು ಕೊರಳಪಟ್ಟಿ ತಿರುವಿ ತಿರುವಿ ನೋಡಿದರು. ಎಲ್ಲವೂ ಒಂದೇ ಬಿಳುಪು. ಒಬ್ಬರ ತೋಳು ಮೊಣಕೈಗೇ ನಿಂತಿತು, ಇನ್ನೊಬ್ಬರ ಕೋಟು ಮೊಣಕಾಲಿನ ಕೆಳಗಿಳಿಯಿತು. ನನ್ನ ಹಳೆಯ ಸಹೋದ್ಯೋಗಿಗಳು ನನ್ನ ಮುಖ ನೋಡಲಾರದೆ ರಾಶಿಯಲ್ಲಿ ಕೈಯಾಡಿಸುತ್ತಿದ್ದರು.

ಡಾ. ನಿರಂಜನ ಅವರು ಹೊಟ್ಟೆಯ ಮೇಲೆ ಗುಂಡಿ ಸೇರದ ಒಂದು ಕೋಟಿನಲ್ಲಿ ಬಂದರು. “ಏನಪ್ಪಾ ಮಾಚೇಶ, ಇದೇನು ಬೇಜವಾಬ್ದಾರಿ? ಯಾವುದು ಯಾರದು ಅಂತ ಗೊತ್ತಾಗೋದು ಹೇಗೆ?”

ಅಣ್ಣ ಮಗಳ ಕಡೆ ನೋಡಿದ. ಇಂಚರ ಮುಂದೆ ಬಂದಳು.

“ಹಾಕ್ಕೊಂಡು ನೋಡಿ ಸರ್. ಸರಿಯಾಗಿದ್ದು ನಿಮ್ದು.”

ಹಾಗೆನ್ನುತ್ತಲೇ ಅವಳೂ ರಾಶಿಯಿಂದ ಒಂದನ್ನು ಎತ್ತಿಕೊಂಡು ತೊಟ್ಟಳು. ಭುಜ ದೊಡ್ಡದಾಯಿತು. ತೆಗೆದಿಟ್ಟು ಇನ್ನೊಂದು ತೊಟ್ಟಳು. ತೋಳು ಮಣಿಕಟ್ಟಿಗೆ ಸರಿಯಾಗಿ ಬಂತು. ಗುಂಡಿ ಹಾಕಿಕೊಂಡು, ಎರಡೂ ಜೇಬಿಗೆ ಕೈ ಇಳಿಸಿ ನಿಂತಳು.

“ಅದನ್ನ ಬಿಚ್ಚಮ್ಮ” ಎಂದರು ನಿರಂಜನ. ಆ ಮನುಷ್ಯ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಅದು ಸಂಸ್ಥೆಯದು. ನಿನ್ನದಲ್ಲ.”

ಇಂಚರ ಕೊರಳಪಟ್ಟಿಯನ್ನು ತಿರುವಿ, ಅದರ ಬಿಳಿಯ ಒಳಬದಿಯನ್ನು ಅವರ ಮುಖದ ಹತ್ತಿರ ಹಿಡಿದಳು.

“ಗುರ್ತು ತೋರ್ಸಿ ಸರ್, ಬಿಚ್ಚಿಕೊಡ್ತೀನಿ.”